ಗೋದಾಮಲ್ಲಿ ಸ್ಟಿಕ್ಕರ್ ಅಂಟ್ಸೋದೂ ಒಂದು ಬಿಸಿನೆಸ್ಸಾ? ಓದುಗರು ಕೇಳಿದ್ದು, ನಾವು ಹೇಳಿದ್ದು

ಗೋದಾಮು, ಸಾಗಣೆ ಬಗ್ಗೆ ಏನಾದ್ರೂ ಕೇಳೋದಿದ್ರೆ ಕಳ್ಸಿ ಅಂದಿದ್ವಿ. ಬಂದಿದ್ರಲ್ಲಿ ಹೆಚ್ಚಿನವು ಒಂದೇ ವಿಷ್ಯದ ಸುತ್ತ ಇವೆ, ಮಾಲು ಇಟ್ಕೊಂಡು ಕಳ್ಸೋದರ ಜೊತೆಗೆ ಲೇಬಲ್ ಅಂಟ್ಸು, ಸೆಟ್ ಮಾಡು, ಬಿಚ್ಚು, ಮತ್ತೆ ಕಟ್ಟು ಅಂತ ಬರ್ತಾ ಇರೋ ಮೇಲಿನ ಕೆಲಸಗಳ ಬಗ್ಗೆ. ಹಾಗಾಗಿ ಈ ಸಲ ಪೂರ್ತಿ ಅದೇ.

ಪ್ರಶ್ನೆ: ಈಗಷ್ಟೇ ಒಂದು ವೇರ್‌ಹೌಸ್ ಕಂಪನಿಗೆ ಸೇರಿದೀನಿ. ದಿನಾ ಮೀಟಿಂಗ್‌ನಲ್ಲಿ ವಿಎಎಸ್ ವಿಎಎಸ್ ಅಂತಾರೆ. ಗೋದಾಮು ಅಂದ್ರೆ ಮಾಲು ಇಡೋ ಜಾಗ ತಾನೆ, ಇದೇನು ಹೊಸದು? (ಹೊಸ ಟ್ರೈನಿ)

ಇಡೋ ಜಾಗ ಹೌದು, ಆದ್ರೆ ಬರೀ ಇಟ್ಕೊಳ್ಳೋದಕ್ಕೆ ಯಾವ ಪಾರ್ಟಿನೂ ಜಾಸ್ತಿ ಕೊಡಲ್ಲ, ಪಕ್ಕದ ಶೆಡ್ಡಿನವನು ಇನ್ನೂ ಕಮ್ಮಿಗೆ ಇಟ್ಕೋತಾನೆ. ದುಡ್ಡು ಇರೋದು ಮಾಲಿಗೆ ಏನಾದ್ರೂ ಮಾಡಿ ಕಳ್ಸೋದ್ರಲ್ಲಿ. ವಿಎಎಸ್, ಅಂದ್ರೆ ವ್ಯಾಲ್ಯೂ ಆಡೆಡ್ ಸರ್ವಿಸ್ ಅಂತ ಕರೆಯೋದ್ರೊಳಗೆ ಏನೇನು ಬರುತ್ತೆ ಅಂದ್ರೆ, ನಾಲ್ಕೈದು ಐಟಂ ಸೇರ್ಸಿ ಒಂದು ಸೆಟ್ ಮಾಡೋದು, ದೊಡ್ಡ ಕಾರ್ಟನ್ ಒಡೆದು ಚಿಕ್ಕ ಪ್ಯಾಕ್ ಮಾಡೋದು, ಆಯಾ ದೇಶದ ಭಾಷೆಲಿ ಲೇಬಲ್ ಹಾಕೋದು, ಹಡಗಲ್ಲಿ ಮಡಚ್ಕೊಂಡು ಬಂದ ಶರ್ಟಿಗೆ ಸ್ಟೀಮ್ ಕೊಟ್ಟು ಹ್ಯಾಂಗರಿಗೆ ಹಾಕೋದು, ಲ್ಯಾಪ್‌ಟಾಪಿಗೆ ಕಂಪನಿಯವರ ಸಾಫ್ಟ್‌ವೇರ್ ತುಂಬಿ ನಂಬರ್ ಅಂಟ್ಸೋದು, ಟೈರನ್ನ ರಿಮ್ಮಿಗೆ ಕೂರ್ಸಿ ಗಾಳಿ ತುಂಬಿ ಕಾರ್ ಫ್ಯಾಕ್ಟರಿ ಲೈನಲ್ಲಿ ಯಾವ ಗಾಡಿ ಯಾವ ಸರದಿಲಿ ಬರುತ್ತೋ ಅದೇ ಸರದಿಲಿ ಜೋಡ್ಸಿ ಕಳ್ಸೋದು, ವಾಪಸ್ ಬಂದ ಮಾಲನ್ನ ನೋಡಿ ಯಾವುದು ಮತ್ತೆ ಮಾರಬಹುದು ಅಂತ ಬೇರೆ ಮಾಡೋದು, ಇವೆಲ್ಲ.

ಇದು ಗೋದಾಮಲ್ಲೇ ಯಾಕೆ ಆಗ್ಬೇಕು ಅಂದ್ರೆ ಮಾಲು ಹೇಗಿದ್ರೂ ಅಲ್ಲಿ ನಿಲ್ಲುತ್ತೆ, ಮತ್ತೆ ಆರ್ಡರಿಗೆ ತೀರಾ ಹತ್ತಿರ ಇರೋ ಜಾಗ ಅದೇ. ಆದ್ರೆ ಹೊಸಬರು ನೀವು, ಒಂದು ಅಭ್ಯಾಸ ಈಗ್ಲೇ ಮಾಡ್ಕೊಳ್ಳಿ. ವಿಎಎಸ್ ಅಂತ ಬಿಲ್ಲಾಗೋ ಪ್ರತಿ ಕೆಲಸ ನೋಡಿದಾಗ್ಲೂ ಇದು ಕೊಳ್ಳೋನಿಗೆ ಬೇಕಾಗಿತ್ತಾ ಇಲ್ಲ ಬೇರೆ ಯಾರೋ ತಪ್ಪು ಮಾಡಿದ್ದನ್ನ ನಾವು ಸರಿ ಮಾಡ್ತಿದೀವಾ ಅಂತ ಕೇಳ್ಕೊಳ್ಳಿ. ಸೆಟ್ ಮಾಡೋದು ಮೊದಲನೇ ಜಾತಿ, ಫ್ಯಾಕ್ಟರಿಯವರು ತಪ್ಪು ಬಾರ್‌ಕೋಡ್ ಪ್ರಿಂಟ್ ಮಾಡಿದ್ದಕ್ಕೆ ಇಪ್ಪತ್ತು ಸಾವಿರ ಡಬ್ಬಿ ಮೇಲೆ ಇನ್ನೊಂದು ಅಂಟ್ಸೋದು ಎರಡನೇ ಜಾತಿ. ಎರಡೂ ಒಂದೇ ಟೇಬಲ್ಲು, ಒಂದೇ ಜನ, ಬಿಲ್ಲಲ್ಲೂ ಒಂದೇ ಸಾಲು. ಎಷ್ಟೋ ಕಡೆ ಸೇವೆ ಅಂತ ಹೆಮ್ಮೆಯಿಂದ ತೋರ್ಸೋದ್ರಲ್ಲಿ ದೊಡ್ಡ ಪಾಲು ಎರಡನೇ ಜಾತಿದೇ, ಅದನ್ನ ಬೇರೆ ಕೋಡಲ್ಲಿ ಬರೆದಿಟ್ರೆ ಮಾತ್ರ ಗೊತ್ತಾಗುತ್ತೆ.

ಪ್ರಶ್ನೆ: ನಮ್ಮಲ್ಲಿ ಕಿಟ್ಟಿಂಗ್ ಕೆಲಸ, ಅಂದ್ರೆ ಐಟಂ ಸೇರ್ಸಿ ಸೆಟ್ ಮಾಡೋದು, ಒಂದು ಬಾಕ್ಸಿಗೆ 12 ಐಟಂ. ಹುಡುಗರು ಹುಷಾರಿದಾರೆ, ಕೊನೇಲಿ ಒಬ್ರು ಚೆಕ್ ಕೂಡ ಮಾಡ್ತಾರೆ, ಆದ್ರೂ ಸ್ಕ್ರೂ ಪೌಚ್ ಇಲ್ಲ, ಕೇಬಲ್ ಇಲ್ಲ ಅಂತ ಕಂಪ್ಲೇಂಟ್ ನಿಂತಿಲ್ಲ. ತೂಕದ ಮಷಿನ್ ತಂದ್ರೂ ಹಿಡಿಯಕ್ಕಾಗ್ತಿಲ್ಲ. (ಶಿಫ್ಟ್ ಸೂಪರ್ವೈಸರ್)

ಮೊದ್ಲು ಒಂದು ಲೆಕ್ಕ. ನಿಮ್ಮವರು ಒಂದೊಂದು ಐಟಂ ಹಾಕೋದ್ರಲ್ಲೂ ನೂರಕ್ಕೆ 99.5 ಸಲ ಸರಿ ಅಂತಿಟ್ಕೊಳ್ಳಿ, ಕೇಳೋಕೆ ಭಾರಿ ಚೆನ್ನಾಗಿದೆ. ಆದ್ರೆ 12 ಐಟಮ್ಮೂ ಸರಿ ಇರೋ ಬಾಕ್ಸ್ ನೂರಕ್ಕೆ 94 ಮಾತ್ರ ಆಗುತ್ತೆ, ಉಳಿದ 6 ಬಾಕ್ಸಲ್ಲಿ ಏನೋ ಒಂದು ತಪ್ಪು. 99.9ಕ್ಕೆ ಏರ್ಸಿದ್ರೂ ನೂರಕ್ಕೆ ಒಂದು ಬಾಕ್ಸ್ ಕೈ ಕೊಡುತ್ತೆ. ಅಂದ್ರೆ ಹುಡುಗರಿಗೆ ಬೈಯೋದ್ರಿಂದ ಇದು ಸರಿಹೋಗೋದಲ್ಲ, ಕೆಲಸ ಜೋಡ್ಸಿರೋ ರೀತಿ ಬದಲಾಗ್ಬೇಕು.

ಎಲ್ಲಕ್ಕಿಂತ ಸುಲಭದ್ದು, ಮತ್ತೆ ಖರ್ಚೇ ಇಲ್ಲದ್ದು, ಎಣಿಸಿ ಕೊಡೋದು. ಟೇಬಲ್ಲಿಗೆ ಪ್ರತಿ ಐಟಂದೂ ರಾಶಿ ಸುರಿಯಬೇಡಿ. 50 ಬಾಕ್ಸಿನ ಒಂದು ಬ್ಯಾಚ್ ಅಂತ ಮಾಡಿ, 50 ಕೇಬಲ್, 50 ಪೌಚ್, 50 ಮ್ಯಾನ್ಯುಯಲ್, ಲೆಕ್ಕ ಮಾಡಿ ಟ್ರೇಲಿ ಕೊಡಿ. ಬ್ಯಾಚ್ ಮುಗಿದಾಗ ಎಲ್ಲ ಟ್ರೇನೂ ಖಾಲಿ ಇರ್ಬೇಕು. ಒಂದು ಪೌಚ್ ಉಳೀತು ಅಂದ್ರೆ ಆ 50ರಲ್ಲಿ ಯಾವುದೋ ಒಂದರಲ್ಲಿ ಇಲ್ಲ, ಟೇಪ್ ಹಾಕೋಕೆ ಮುಂಚೆನೇ ಹುಡುಕಬಹುದು, ಇಡೀ ದಿನದ ಮಾಲು ಬಿಚ್ಚೋ ಕರ್ಮ ಇರಲ್ಲ. ಇದರಲ್ಲಿ ಒಂದು ಕಳ್ಳದಾರಿ ಇದೆ, ಉಳಿದ ಪೌಚನ್ನ ಯಾರಾದ್ರೂ ಜೇಬಿಗೋ ಡಸ್ಟ್‌ಬಿನ್ನಿಗೋ ಹಾಕಿಬಿಟ್ರೆ ಕಥೆ ಮುಗೀತು, ಯಾಕಂದ್ರೆ ಬ್ಯಾಚ್ ಮತ್ತೆ ಬಿಚ್ಚೋದು ಅವರ ಟಾರ್ಗೆಟ್ಟಿಂದ ಕಳೆಯುತ್ತೆ. ಉಳಿದಿದ್ದು ತೋರ್ಸಿದವ್ರಿಗೆ ಆ ಟೈಮ್ ಲೆಕ್ಕಕ್ಕೆ ಹಿಡೀಬೇಡಿ, ಆಗ ತೋರಿಸ್ತಾರೆ.

ಇನ್ನು ತೂಕ. ಮಷಿನ್ ತಪ್ಪಲ್ಲ, ಅದನ್ನ ಇಟ್ಟಿರೋ ಜಾಗ ತಪ್ಪು. ನಿಮ್ಮ ಕಿಟ್ಟು ಒಟ್ಟು 640 ಗ್ರಾಂ, ಸ್ಕ್ರೂ ಪೌಚ್ 3 ಗ್ರಾಂ ಅಂದ್ಕೊಳ್ಳಿ. ರಟ್ಟಿನ ಬಾಕ್ಸ್ ತೇವ ಹೀರುತ್ತೆ, ಮಳೆಗಾಲದ ಬಾಕ್ಸಿಗೂ ಒಣ ದಿನದ ಬಾಕ್ಸಿಗೂ ಐದಾರು ಗ್ರಾಂ ಆಚೀಚೆ ಆಗೋದು ಮಾಮೂಲಿ, ಮ್ಯಾನ್ಯುಯಲ್ ಪೇಪರ್ ಲಾಟ್ ಬದಲಾದ್ರೆ ಇನ್ನೆರಡು ಗ್ರಾಂ. ಈ ಗದ್ದಲದೊಳಗೆ 3 ಗ್ರಾಂ ಹೇಗೆ ಕಾಣ್ಬೇಕು? ಹಗುರ ಐಟಮ್ಮುಗಳನ್ನ ಮೊದ್ಲು ಒಂದು ಚಿಕ್ಕ ಪೌಚಿಗೆ ಹಾಕಿ ಅದನ್ನೇ ತೂಕ ಮಾಡಿ ಸೀಲ್ ಮಾಡಿ, ಆಮೇಲೆ ಅದು ದೊಡ್ಡ ಬಾಕ್ಸಿಗೆ ಒಂದೇ ಐಟಮ್ಮಾಗಿ ಹೋಗ್ಲಿ. ಆಗ 12 ಇದ್ದಿದ್ದು ಏಳೆಂಟಕ್ಕೆ ಇಳಿಯುತ್ತೆ, ಮೇಲಿನ ಲೆಕ್ಕನೂ ನಿಮ್ಮ ಕಡೆಗೇ ತಿರುಗುತ್ತೆ.

ಕೊನೇಲಿ ನಿಂತು ಚೆಕ್ ಮಾಡೋ ವ್ಯಕ್ತಿ ಬಗ್ಗೆ ಒಂದ್ಮಾತು. ಎಂಟು ಗಂಟೆ ಒಂದೇ ತರದ ಬಾಕ್ಸ್ ನೋಡೋ ಕಣ್ಣು ಇರಬೇಕಾದ್ದು ಇದ್ದೇ ಇದೆ ಅಂತ ನೋಡೋಕೆ ಶುರು ಮಾಡುತ್ತೆ, ಅದು ಮನುಷ್ಯ ಸ್ವಭಾವ. ಅದೇ ವ್ಯಕ್ತಿನ ಟ್ರೇ ಎಣಿಸೋಕೆ ಹಾಕಿ, ಹೆಚ್ಚು ಉಪಯೋಗ. ಪ್ರಾಡಕ್ಟ್ ಬದಲಾಗುವಾಗ ಟೇಬಲ್ ಪೂರ್ತಿ ಖಾಲಿ ಮಾಡ್ಸಿ, ಹಳೇ ಲೇಬಲ್ ರೋಲ್ ಒಂದೂ ಉಳೀಬಾರ್ದು. ಹಿಂದಿನ ಆರ್ಡರಿನ ಮ್ಯಾನ್ಯುಯಲ್ ಮುಂದಿನ ಬಾಕ್ಸಿಗೆ ನುಸುಳೋದು ಆ ಹತ್ತು ನಿಮಿಷದ ಗಡಿಬಿಡಿಲೇ.

ಪ್ರಶ್ನೆ: ನಮ್ಮ ಬಾಸ್ ಹೇಳೋದು ಲೇಬಲ್ಲು, ಪ್ಲಗ್ಗು, ಮ್ಯಾನ್ಯುಯಲ್ಲು ಎಲ್ಲ ಫ್ಯಾಕ್ಟರಿಲೇ ಹಾಕಿಬಿಟ್ರೆ ಅಗ್ಗ, ಡಿಸ್ಟ್ರಿಬ್ಯೂಷನ್ ಸೆಂಟರಲ್ಲಿ (ಡಿಸಿ, ಮಾಲು ಹಂಚೋ ಗೋದಾಮು) ಮಾಡ್ಸೋದು ದಂಡ ಅಂತ. ಸರೀನಾ? (ಪ್ಲಾನಿಂಗ್ ವಿಭಾಗದವರು)

ಒಂದು ಪೀಸಿಗೆ ಲೆಕ್ಕ ಹಾಕಿದ್ರೆ ನಿಮ್ಮ ಬಾಸ್ ಹೇಳೋದು ಸರಿ. ಫ್ಯಾಕ್ಟರಿ ಲೈನಲ್ಲಿ ಲೇಬಲ್ ಮಷಿನ್ನೇ ಅಂಟ್ಸುತ್ತೆ, ಸೆಕೆಂಡಿನ ಕೆಲಸ. ಡಿಸಿಲಿ ಕಾರ್ಟನ್ ಬಿಚ್ಚಿ, ಹಾಕಿ, ಮತ್ತೆ ಮುಚ್ಚಬೇಕು. ಆದ್ರೆ ಲೆಕ್ಕ ಒಂದು ಪೀಸಿಗೆ ನಿಲ್ಲಿಸಿದ್ರೆ ಮೋಸ ಹೋಗ್ತೀರಿ.

ಇದಕ್ಕೆ ಎಲ್ರೂ ಹೇಳೋ ಉದಾಹರಣೆ ಹ್ಯೂಲೆಟ್ ಪ್ಯಾಕರ್ಡ್‌ನ ಡೆಸ್ಕ್‌ಜೆಟ್ ಪ್ರಿಂಟರ್, ಎಲ್ರೂ ಹೇಳ್ತಾರೆ ಅಂತ ಬಿಡೋ ಹಾಗಿಲ್ಲ, ಅಷ್ಟು ಸ್ಪಷ್ಟವಾಗಿದೆ. ಪ್ರಿಂಟರ್ ಮಾಡ್ತಿದ್ದಿದ್ದು ಅಮೆರಿಕದ ವಾಷಿಂಗ್ಟನ್ ರಾಜ್ಯದ ವ್ಯಾಂಕೂವರಲ್ಲಿ. ಯುರೋಪಿನ ಒಂದೊಂದು ದೇಶಕ್ಕೂ ಬೇಕಾದ ಪವರ್ ಸಪ್ಲೈ, ಪ್ಲಗ್ಗು, ಭಾಷೆ ಮ್ಯಾನ್ಯುಯಲ್ಲು ಎಲ್ಲ ಅಲ್ಲೇ ಹಾಕಿ ಹಡಗು ಹತ್ತಿಸ್ತಿದ್ರು, ಸಮುದ್ರ ದಾಟೋಕೆ ಸುಮಾರು ಒಂದು ತಿಂಗಳು. ಅಷ್ಟೊತ್ತಿಗೆ ಬೇಡಿಕೆ ಬದಲಾಗಿರೋದು, ಒಂದು ದೇಶದ ಪ್ರಿಂಟರ್ ಗೋದಾಮಲ್ಲಿ ಗುಡ್ಡೆ ಬಿದ್ದಿರೋದು, ಇನ್ನೊಂದು ದೇಶದ್ದು ಒಂದೂ ಇಲ್ಲ, ಒಳಗಿನ ಮಷಿನ್ ಎರಡರದ್ದೂ ಒಂದೇ! ಆಮೇಲೆ ಪವರ್ ಸಪ್ಲೈನ ಕೊನೇಲಿ ಸೇರ್ಸೋ ಹಾಗೆ ಪ್ರಿಂಟರ್ ಡಿಸೈನನ್ನೇ ಬದಲಾಯ್ಸಿ, ದೇಶದ ಹೆಸರಿಲ್ಲದ ಪ್ರಿಂಟರ್ ಕಳ್ಸಿ, ಆ ದೇಶದ ಪ್ಲಗ್ಗು ಮ್ಯಾನ್ಯುಯಲ್ಲು ಹಾಕೋ ಕೆಲಸನ ಡಿಸ್ಟ್ರಿಬ್ಯೂಷನ್ ಸೆಂಟರಿಗೆ ಕೊಟ್ರು. ಸ್ಟ್ಯಾನ್‌ಫರ್ಡ್‌ನ ಪ್ರೊಫೆಸರ್ ಹಾವ್ ಲೀ 1990ರ ದಶಕದ ಶುರುವಲ್ಲಿ ಕಂಪನಿಯವರ ಜೊತೆ ಸೇರಿ ಇದರ ಲೆಕ್ಕ ಬರೆದಿಟ್ಟಿದಾರೆ. ಪೀಸಿಗೆ ಕೆಲಸದ ಖರ್ಚು ಹೆಚ್ಚಾದ್ರೂ ಕಟ್ಟಿಹಾಕಿದ್ದ ಸ್ಟಾಕು ಇಳೀತು, ಲಾಭ ಬಂದಿದ್ದು ಅಲ್ಲಿಂದ. ಇಟಲಿಯ ಬಟ್ಟೆ ಕಂಪನಿ ಬೆನೆಟನ್ನಿನವರು ಬಣ್ಣ ಇಲ್ಲದ ನೂಲಲ್ಲಿ ಸ್ವೆಟರ್ ಹೆಣೆದಿಟ್ಕೊಂಡು ಯಾವ ಬಣ್ಣ ಓಡ್ತಿದೆ ನೋಡಿ ಆಮೇಲೆ ಬಣ್ಣ ಹಾಕ್ತಿದ್ದಿದ್ದೂ ಇದೇ ಯೋಚನೆ.

ಹಾಗಂತ ಎಲ್ಲನೂ ಡಿಸಿಗೆ ತಳ್ಳಿ ಅಂತ ಅಲ್ಲ. ಒಂದೇ ಮಾರ್ಕೆಟ್ಟು, ಬೇಡಿಕೆ ಸ್ಥಿರ, ಒಂದೇ ತರದ ಲೇಬಲ್ಲು, ಅಂಥದ್ದು ಫ್ಯಾಕ್ಟರಿಲೇ ಆಗ್ಲಿ. ಹತ್ತು ಮಾರ್ಕೆಟ್ಟು, ಯಾವುದು ಎಷ್ಟು ಹೋಗುತ್ತೆ ಅಂತ ಯಾರಿಗೂ ಗೊತ್ತಿಲ್ಲ, ದಾರಿ ಉದ್ದ, ಅಂಥದ್ದಕ್ಕೆ ಕೊನೇ ಗಳಿಗೆವರೆಗೆ ಕಾಯೋದೇ ಜಾಣತನ. ಬಾಸಿಗೆ ಹೋದ ವರ್ಷ ಒಂದು ದೇಶದ ಲೇಬಲ್ ಕಿತ್ತು ಇನ್ನೊಂದು ದೇಶದ್ದು ಅಂಟ್ಸಿದ ಪೀಸೆಷ್ಟು ಅಂತ ಕೇಳಿ ನೋಡಿ. ಆ ನಂಬರ್ ದೊಡ್ಡದಿದ್ರೆ ಉತ್ತರ ಸಿಕ್ತು.

ಪ್ರಶ್ನೆ: ಒಂದು ಲೇಬಲ್ ಅಂಟ್ಸೋಕೆ 6 ಸೆಕೆಂಡ್ ಅಂತ ಸ್ಟಾಪ್‌ವಾಚ್ ಇಟ್ಟು ನೋಡಿ ರೇಟ್ ಕೊಟ್ವಿ. ಕೆಲಸ ಬೇಕಾದಷ್ಟಿದೆ, ಲಾಭ ಮಾತ್ರ ಇಲ್ಲ. ಎಲ್ಲಿ ಸೋರ್ತಿದೆ? (ಚಿಕ್ಕ ಗೋದಾಮಿನ ಮಾಲೀಕರು)

ಸ್ಟಾಪ್‌ವಾಚ್ ಸರಿ ಹಿಡಿದ್ರಿ, ಆದ್ರೆ ಲೇಬಲ್ ಕೈಗೆ ತಗೊಂಡಾಗ ಶುರು ಮಾಡಿ ಅಂಟಿದಾಗ ನಿಲ್ಸಿದ್ರಿ. ಪೀಸು ಟೇಬಲ್ಲಿಗೆ ತಾನಾಗೇ ನಡ್ಕೊಂಡು ಬರಲ್ಲವಲ್ಲ.

ಒಂದು ಕಾರ್ಟನ್ನಲ್ಲಿ 24 ಪೀಸು ಅಂತಿಟ್ಕೊಂಡು ಕೂಡ್ಸೋಣ. ಕಾರ್ಟನ್ ಎತ್ತೋದು, ಟೇಪ್ ಕತ್ತರ್ಸೋದು, ಪೀಸ್ ಹೊರಗೆ ತೆಗೆಯೋದು, ಅಂಟ್ಸಿದ ಮೇಲೆ ಅದೇ ದಿಕ್ಕಿಗೆ ಒಳಗಿಡೋದು, ಟೇಪ್ ಹಾಕೋದು, ಹೊರಗಿನ ಕಾರ್ಟನ್ ಲೇಬಲ್ ಬದಲಾಯ್ಸೋದು, ಎಲ್ಲ ಸೇರಿ ಒಂದೂವರೆ ನಿಮಿಷ, ಪೀಸಿಗೆ 3.75 ಸೆಕೆಂಡ್ ಬಿತ್ತು. ಪ್ಯಾಲೆಟ್ಟಲ್ಲಿ (ಕಾರ್ಟನ್ ಪೇರಿಸೋ ಮಣೆ) 40 ಕಾರ್ಟನ್, ಅದನ್ನ ರ‍್ಯಾಕಿಂದ ಇಳ್ಸಿ ತಂದು, ಮುಗಿದ ಮೇಲೆ ಸುತ್ತಿ, ಹೊಸ ಕೋಡಲ್ಲಿ ಸಿಸ್ಟಮ್ಮಿಗೆ ಏರ್ಸಿ ಮತ್ತೆ ಮೇಲಿಡೋಕೆ 20 ನಿಮಿಷ, ಪೀಸಿಗೆ ಇನ್ನೊಂದು 1.25. ಅಲ್ಲಿಗೆ 6 ಹೋಗಿ 11 ಆಯ್ತು. ಜನ ನೀರು ಕುಡೀಬೇಕು, ಬೆನ್ನು ನೆಟ್ಟಗೆ ಮಾಡ್ಬೇಕು, ರೋಲ್ ಬದಲಾಯ್ಸಬೇಕು, ಅದಕ್ಕೆ ನೂರಕ್ಕೆ 15 ಸೇರ್ಸಿ, 12.65. ನೀವು ಗಂಟೆಗೆ 600 ಪೀಸ್ ಅಂತ ರೇಟ್ ಕೊಟ್ರಿ, ಆಗ್ತಿರೋದು 284. ಇನ್ನೂ ಹಾಳಾದ ಲೇಬಲ್ಲು, ಚೆಕಿಂಗು, ಟೇಬಲ್ ಇಟ್ಟ ಜಾಗದ ಬಾಡಿಗೆ ಲೆಕ್ಕಕ್ಕೇ ಬಂದಿಲ್ಲ. ಆ ಜಾಗದಲ್ಲಿ ರ‍್ಯಾಕ್ ಇಟ್ಟಿದ್ರೆ ಏನು ಬರ್ತಿತ್ತು ಅನ್ನೋದನ್ನ ಮರೆಯೋರೇ ಜಾಸ್ತಿ.

ಹಾಗಾಗಿ ಇನ್ಮೇಲೆ ರೇಟ್ ಮೂರು ತುಂಡಾಗಿ ಬರೀರಿ. ಶುರು ಮಾಡೋಕೆ ಒಂದು ಸಲದ ಚಾರ್ಜು, ಕಾರ್ಟನ್ನಿಗೆ ಇಷ್ಟು, ಪೀಸಿಗೆ ಇಷ್ಟು. ಇನ್ನೂರು ಪೀಸಿನ ಚಿಲ್ಲರೆ ಆರ್ಡರ್ ತರೋನಿಗೂ ಇಪ್ಪತ್ತು ಸಾವಿರದ್ದು ತರೋನಿಗೂ ಒಂದೇ ಪೀಸ್ ರೇಟ್ ಇದ್ರೆ ಎಲ್ರೂ ಚಿಲ್ಲರೆನೇ ತರ್ತಾರೆ. ಮಾದರಿ ಗೊತ್ತಿಲ್ಲದ ಕೆಲಸ ಬಂದ್ರೆ ಮೊದಲ ದಿನ ಗಂಟೆ ಲೆಕ್ಕದಲ್ಲಿ ಮಾಡಿ, ಆಮೇಲೆ ಪೀಸ್ ರೇಟ್ ಹೇಳಿ, ನೆಟ್ಟಗಿರೋ ಪಾರ್ಟಿ ಒಪ್ಪುತ್ತೆ.

ಪ್ರಶ್ನೆ: ಬಾರ್‌ಕೋಡ್ ಮೇಲೆ ಹೊಸ ಬಾರ್‌ಕೋಡ್ ಅಂಟ್ಸಿದೀವಿ, ಆದ್ರೂ ಕೆಲವು ಸಲ ಹಳೇದೇ ಸ್ಕ್ಯಾನ್ ಆಗುತ್ತೆ ಅಂತ ರಿಟರ್ನ್ ಬರ್ತಿದೆ. ಮಾಯಾನಾ? (ಪ್ಯಾಕಿಂಗ್ ಲೈನ್)

ಮಾಯ ಏನಿಲ್ಲ, ಲೇಬಲ್ ತೆಳ್ಳಗಿದೆ. ತೆಳು ಬಿಳಿ ಲೇಬಲ್ಲಿನ ಕೆಳಗಿರೋ ಕಪ್ಪು ಗೆರೆ ಸ್ಕ್ಯಾನರಿಗೆ ಕಾಣುತ್ತೆ, ಹಿಂಭಾಗ ಬೂದು ಬಣ್ಣ ಇರೋ ಬ್ಲಾಕೌಟ್ ಲೇಬಲ್ ತರ್ಸಿ. ಇನ್ನೊಂದು, ಹಳೇ ಕೋಡ್ ಪೂರ್ತಿ ಮುಚ್ಚಿರಬೇಕು, ಅದರ ಮೇಲಿನ ಅರ್ಧ ಕಾಣ್ತಿದ್ರೂ ಸಾಕು, ಗೆರೆ ಎತ್ತರದುದ್ದಕ್ಕೂ ಅದೇ ಮಾಹಿತಿ ಇರೋದ್ರಿಂದ ಉಳಿದ ಚೂರಲ್ಲೇ ಓದ್ಕೊಳ್ಳುತ್ತೆ. ಮೂಲೆ ಮಡಚಿ ಅಂಟ್ಸಬೇಡಿ, ಎರಡು ಪಕ್ಕದ ಬಿಳಿ ಜಾಗ ಕತ್ತರಿಸಬೇಡಿ, ಬಾಟಲಿ ತರ ದುಂಡಗಿರೋದಕ್ಕೆ ಗೆರೆಗಳು ಏಣಿ ಮೆಟ್ಟಿಲಿನ ತರ ಅಡ್ಡ ಬರೋ ಹಾಗೆ ಅಂಟ್ಸಿ.

ಪ್ಯಾಲೆಟ್ ಲೇಬಲ್ಲಿಗೆ ಬಾರ್‌ಕೋಡ್ ನಿಯಮ ಮಾಡೋ ಸಂಸ್ಥೆ ಜಿಎಸ್1 ಹೇಳೋ ಜಾಗ ನೆನಪಿಟ್ಕೊಳ್ಳಿ. ಬಾರ್‌ಕೋಡು ಪ್ಯಾಲೆಟ್ ತಳದಿಂದ 400ರಿಂದ 800 ಮಿಲಿಮೀಟರ್ ಎತ್ತರದಲ್ಲಿ, ಪಕ್ಕದ ಅಂಚಿಂದ ಕಮ್ಮಿ ಅಂದ್ರೂ 50 ಮಿಲಿಮೀಟರ್ ಒಳಗೆ. ಪ್ಯಾಲೆಟ್ ಗುರುತಿಸೋ 18 ಅಂಕಿಯ ಎಸ್‌ಎಸ್‌ಸಿಸಿ ನಂಬರ್ ಒಂದು ಪ್ಯಾಲೆಟ್ಟಿಗೆ ಒಂದೇ. ಪ್ಯಾಲೆಟ್ ಬಿಚ್ಚಿ ಬೇರೆ ಮಾಲು ಸೇರ್ಸಿ ಕಟ್ಟಿದ್ರೆ ಹಳೇ ನಂಬರ್ ಸತ್ತಂತೆ, ಹೊಸದು ತಗೊಳ್ಳಿ.

ಪ್ರಶ್ನೆ: ಗಿಫ್ಟ್ ಸೆಟ್ಟಿಗೆ ಪಾರ್ಟಿ ಹೇಳಿದ್ರು ಅಂತ ಒಂದು ಪವರ್ ಬ್ಯಾಂಕ್ ಸೇರಿಸಿದ್ವಿ, ಏರ್ ಕಾರ್ಗೋದವ್ರು ಇಡೀ ಲೋಡ್ ವಾಪಸ್ ಕಳ್ಸಿದ್ರು. ಪೆನ್ನು, ಡೈರಿ, ಬಾಟಲಿ ಇರೋ ಡಬ್ಬಿ ಅದು. (ಡಿಸ್ಪ್ಯಾಚ್)

ಪೆನ್ನು ಡೈರಿ ಇದ್ದಾಗ ಅದು ಗಿಫ್ಟ್ ಸೆಟ್ಟು, ಪವರ್ ಬ್ಯಾಂಕ್ ಒಳಗೆ ಹೋದ ಕ್ಷಣದಿಂದ ಡೇಂಜರಸ್ ಗೂಡ್ಸು. ಪವರ್ ಬ್ಯಾಂಕನ್ನ ವಿಮಾನದ ನಿಯಮದಲ್ಲಿ ಉಪಕರಣ ಅಂತ ನೋಡಲ್ಲ, ಬ್ಯಾಟರಿ ಅಂತಲೇ ನೋಡೋದು, ಅಪಾಯಕಾರಿ ಸರಕಿನ ಪಟ್ಟೀಲಿ ಅದರ ನಂಬರ್ ಯುಎನ್ 3480. ಈ ಬಗೆಯ ಲಿಥಿಯಂ ಅಯಾನ್ ಬ್ಯಾಟರಿನ 2016ರ ಏಪ್ರಿಲ್‌ನಿಂದ ಪ್ಯಾಸೆಂಜರ್ ವಿಮಾನದಲ್ಲಿ ಕಾರ್ಗೋ ಆಗಿ ಹಾಕೋ ಹಾಗಿಲ್ಲ, ಕಾರ್ಗೋ ವಿಮಾನದಲ್ಲೂ ಚಾರ್ಜು ಶೇಕಡಾ 30 ಮೀರಬಾರ್ದು. ಜೊತೆಗೆ ಯುಎನ್ 38.3 ಅನ್ನೋ ಬ್ಯಾಟರಿ ಸುರಕ್ಷತೆ ಟೆಸ್ಟ್ ಆಗಿರ್ಬೇಕು, ಸರಿಯಾದ ಮಾರ್ಕು ಲೇಬಲ್ಲು ಬೇಕು, ಅದನ್ನ ಪ್ಯಾಕ್ ಮಾಡೋರಿಗೆ ಟ್ರೈನಿಂಗ್ ಆಗಿರ್ಬೇಕು. ಕಿಟ್ಟಲ್ಲಿ ಐಟಂ ಬದಲಾದಾಗೆಲ್ಲ ಪಟ್ಟಿನ ಇನ್ನೊಂದು ಸಲ ಸಾಗಣೆಯವರ ಕಣ್ಣಿಗೆ ಹಾಕಿ. ಪರ್ಫ್ಯೂಮು, ಲೈಟರ್ರು, ಸ್ಪ್ರೇ ಕ್ಯಾನು ಎಲ್ಲ ಇದೇ ಸಾಲಿನವು.

ಪ್ರಶ್ನೆ: ಬಾಂಡೆಡ್, ಅಂದ್ರೆ ಕಸ್ಟಮ್ಸ್ ಹಿಡಿತದ ಗೋದಾಮಲ್ಲಿರೋ ಮಾಲನ್ನ ಸುಂಕ ಕಟ್ಟೋ ಮುಂಚೆ ಬಿಚ್ಚಿ ರೀಪ್ಯಾಕ್ ಮಾಡಬಹುದಾ? ಮಾಡಿದ್ರೆ ಮೇಡ್ ಇನ್ ಅನ್ನೋದು ಬದಲಾಗುತ್ತಾ? (ಇಂಪೋರ್ಟ್ ನೋಡ್ಕೊಳ್ಳೋರು)

ಕಸ್ಟಮ್ಸ್ ಬಗ್ಗೆ ದೇಶಗಳು ಮಾಡ್ಕೊಂಡಿರೋ ಪರಿಷ್ಕೃತ ಕ್ಯೋಟೋ ಒಪ್ಪಂದ 2006ರಿಂದ ಜಾರೀಲಿದೆ. ಅದರ ಪ್ರಕಾರ ಮಾಲು ಕೆಡದ ಹಾಗೆ ನೋಡ್ಕೊಳ್ಳೋದು, ದೊಡ್ಡ ಲಾಟ್ ಒಡೆಯೋದು, ಪ್ಯಾಕೇಜ್ ಕೂಡ್ಸೋದು, ವಿಂಗಡಿಸೋದು, ರೀಪ್ಯಾಕ್ ಮಾಡೋದು, ಇಷ್ಟನ್ನ ಕಸ್ಟಮ್ಸ್ ಗೋದಾಮಲ್ಲಿ ಮಾಮೂಲಿ ಕೆಲಸ ಅಂತ ಬಿಡಬಹುದು. ಆದ್ರೆ ನಿಮ್ಮ ದೇಶದ ಕಸ್ಟಮ್ಸ್ ಯಾವ ಕೆಲಸಕ್ಕೆ ಮೊದಲೇ ಪರ್ಮಿಷನ್ ಕೇಳುತ್ತೆ ಅನ್ನೋದು ಬರವಣಿಗೆಲಿ ತಗೊಂಡೇ ಕೈ ಹಾಕಿ, ಬಾಯಿ ಮಾತು ಬೇಡ. ಮೂಲ ದೇಶ ಬದಲಾಗಲ್ಲ, ಬರೀ ಡಬ್ಬಿ ಬದಲಾಯ್ಸಿ ಲೇಬಲ್ ಹಾಕಿದ ಮಾತ್ರಕ್ಕೆ ಎಲ್ಲೂ ಆಗಲ್ಲ. ಬದಲಾಗುತ್ತೆ ಅಂತ ಹೇಳಿ ಕೆಲಸ ಹಿಡಿಯೋರ ಸಹವಾಸ ಬಿಡಿ.

ಪ್ರಶ್ನೆ: ಔಷಧಿ ಸ್ಟ್ರಿಪ್ಪಿನ ಹೊರ ಡಬ್ಬಿ ಬದಲಾಯ್ಸೋ ಆರ್ಡರ್ ಬಂದಿದೆ, ನಮ್ಮ ಮಾಮೂಲಿ ಕಿಟ್ಟಿಂಗ್ ಟೇಬಲ್ಲಲ್ಲಿ ಮಾಡಿಬಿಡಬಹುದಲ್ವಾ? (ಹೆಸರು ಬೇಡ ಅಂದಿದಾರೆ)

ಬೇಡ. ಔಷಧಿ ರೀಪ್ಯಾಕ್ ಮಾಡೋದು, ಲೇಬಲ್ ಬದಲಾಯ್ಸೋದು ಬಹಳಷ್ಟು ದೇಶಗಳಲ್ಲಿ ಔಷಧಿ ತಯಾರಿಕೆ ಲೆಕ್ಕಕ್ಕೇ ಬರುತ್ತೆ, ಲೈಸೆನ್ಸ್ ಬೇಕು. ಯುರೋಪಿಯನ್ ಯೂನಿಯನ್ನಿನ ಹೆಚ್ಚಿನ ದೇಶಗಳಲ್ಲಂತೂ 2019ರ ಫೆಬ್ರವರಿ 9ರಿಂದ ಪ್ರಿಸ್ಕ್ರಿಪ್ಷನ್ ಔಷಧಿಯ ಹೆಚ್ಚುಕಮ್ಮಿ ಒಂದೊಂದು ಡಬ್ಬಿಗೂ ಬೇರೆ ಬೇರೆ ನಂಬರ್ರು, ಬಿಚ್ಚಿದ್ರೆ ಗೊತ್ತಾಗೋ ಸೀಲು ಇರ್ಬೇಕು. ಲೈಸೆನ್ಸ್ ಇರೋರಿಗೆ ದಾಟಿಸಿಬಿಡಿ.

ಪ್ರಶ್ನೆ: ರಫ್ತಿನ ಮಾಲಿಗೆ ಮರದ ಪ್ಯಾಲೆಟ್ ರಿಪೇರಿ ಮಾಡಿ ಹಾಕ್ತೀವಿ. ಸೀಲ್ ಇದೆಯಲ್ಲ, ಸಾಕಲ್ವಾ? ಹಾಗೇ ಕಂಟೇನರ್ ಒಳಗೆ ಮಾಲು ಒದ್ದೆಯಾಗಿದೆ ಅಂತಾರೆ, ತೂತೇ ಇಲ್ಲ. (ಯಾರ್ಡ್)

ಐಎಸ್‌ಪಿಎಂ 15 ಅಂತ ಇರೋ, ಮರದ ಪ್ಯಾಕಿಂಗ್ ಜೊತೆ ಹುಳ ದೇಶ ದಾಟದ ಹಾಗೆ ತಡೆಯೋ ಅಂತರರಾಷ್ಟ್ರೀಯ ನಿಯಮದ ಪ್ರಕಾರ ಮಾಮೂಲಿ ವಿಧಾನದಲ್ಲಿ ಮರದ ಒಳ ತಿರುಳಿನ ತನಕ 56 ಡಿಗ್ರಿ ಸೆಲ್ಸಿಯಸ್ ಬಿಸಿ ಬಿಡದೆ 30 ನಿಮಿಷ ಸಿಕ್ಕಿರ್ಬೇಕು, ಆಮೇಲೆ ಎಚ್‌ಟಿ ಮಾರ್ಕು. ನೀವು ಸುಮ್ನೆ ಸಿಕ್ಕಿದ ಹಲಗೆ ಹೊಡೆದು ರಿಪೇರಿ ಮಾಡಿದ್ರೆ ಹಳೇ ಮಾರ್ಕಿಗೆ ಬೆಲೆ ಇಲ್ಲ. ಪ್ಲೈವುಡ್ ಪ್ಯಾಲೆಟ್ಟಿಗೆ ಇದು ಬೇಕಿಲ್ಲ.

ಒದ್ದೆ ಬರೋದು ತೂತಿಂದ ಅಲ್ಲ, ಒಳಗಿನ ಗಾಳಿಯಿಂದ. ಹಗಲು ಬಿಸಿಗೆ ಹಸಿ ಮರ, ರಟ್ಟು ಎಲ್ಲ ತೇವ ಬಿಡುತ್ತೆ, ರಾತ್ರಿ ಚಾವಣಿ ತಣ್ಣಗಾದಾಗ ಅಲ್ಲೇ ಹನಿಗಟ್ಟಿ ಕೆಳಗೆ ಬೀಳುತ್ತೆ. ಒಣ ಪ್ಯಾಲೆಟ್ ಹಾಕಿ, ತೇವ ಹೀರೋ ಕ್ಯಾಲ್ಸಿಯಂ ಕ್ಲೋರೈಡ್ ಚೀಲ ತೂಗುಹಾಕಿ, ಕಬ್ಬಿಣದ ಸಾಮಾನಾದ್ರೆ ತುಕ್ಕು ತಡೆಯೋ ವಿಸಿಐ ಪೇಪರಲ್ಲಿ ಸುತ್ತಿ. ಇದನ್ನೂ ಸೇವೆ ಅಂತ ಬಿಲ್ ಮಾಡಬಹುದು, ಇದು ಮೊದಲನೇ ಜಾತಿದು, ಕೊಳ್ಳೋನಿಗೆ ಬೇಕಾಗಿರೋದು.

ಪ್ರಶ್ನೆ: ರಿಟರ್ನ್ ಮಾಲು ಮೂಲೇಲಿ ಗುಡ್ಡೆ ಬಿದ್ದಿದೆ. ಕೈ ಹಾಕೋಕೆ ಯಾರಿಗೂ ಟೈಮಿಲ್ಲ, ಪಾರ್ಟಿನೂ ಕೇಳಲ್ಲ. ಹಾಗೇ ಇರ್ಲಾ? (ಇನ್ವೆಂಟರಿ)

ಪಾರ್ಟಿ ಕೇಳ್ತಿಲ್ಲ ಯಾಕಂದ್ರೆ ಅವರ ಪುಸ್ತಕದಲ್ಲಿ ಅದಿನ್ನೂ ಸ್ಟಾಕು, ಬೆಲೆ ಇರೋ ಮಾಲು. ನಿಮ್ಮ ಮೂಲೇಲಿ ಅದು ದಿನಾ ಹಳಸ್ತಾ ಇದೆ. ಸೀಸನ್ ಬಟ್ಟೆ, ಫೋನು, ಎಲೆಕ್ಟ್ರಾನಿಕ್ಸು ಎರಡು ತಿಂಗಳು ಕೂತ್ರೆ ಮುಕ್ಕಾಲು ಕಥೆ ಮುಗ್ದಂಗೆ.

ಗುಡ್ಡೆ ಬೀಳೋಕೆ ಟೈಮಿಲ್ಲದ್ದು ಅಷ್ಟು ಕಾರಣ ಅಲ್ಲ, ತೀರ್ಮಾನ ಮಾಡೋ ಅಧಿಕಾರ ಯಾರಿಗೂ ಇಲ್ಲದ್ದು. ಟೇಬಲ್ಲಲ್ಲಿ ಡಬ್ಬಿ ಬಿಚ್ಚೋ ಹುಡುಗಿಗೆ ಇದು ಮಾರಬಹುದು ಅಂತ ಕಾಣುತ್ತೆ, ಆದ್ರೆ ಹೇಳೋಕೆ ಹಕ್ಕಿಲ್ಲ, ಸೂಪರ್ವೈಸರ್ ಪಾರ್ಟಿಗೆ ಮೇಲ್ ಹಾಕ್ತಾರೆ, ಪಾರ್ಟಿ ಅವರ ಕ್ವಾಲಿಟಿಗೆ ಹಾಕುತ್ತೆ, ಅಲ್ಲಿಂದ ಉತ್ತರ ಬರಲ್ಲ. ಹಾಗಾಗಿ ಮೊದ್ಲೇ ಪಾರ್ಟಿ ಹತ್ರ ಒಂದು ಹಾಳೆ ಬರೆಸ್ಕೊಳ್ಳಿ, ಫೋಟೋ ಸಮೇತ. ಸೀಲ್ ಒಡೆದಿಲ್ಲ, ಡಬ್ಬಿ ನೆಟ್ಟಗಿದೆ, ಸೀದಾ ಸ್ಟಾಕಿಗೆ. ಡಬ್ಬಿ ಮಾತ್ರ ಹಾಳು, ಹೊಸ ಡಬ್ಬಿ ಹಾಕಿ ಸ್ಟಾಕಿಗೆ. ಬಳಸಿದ್ದು ಆದ್ರೆ ಕೆಲಸ ಮಾಡುತ್ತೆ, ಸೆಕೆಂಡ್ ಗ್ರೇಡ್. ಒಡೆದಿದ್ದು, ಸ್ಕ್ರ್ಯಾಪು. ಯಾವುದಕ್ಕೂ ಸೇರದ್ದು ಮಾತ್ರ ಬೇರೆ ಪಂಜರದಲ್ಲಿಟ್ಟು ಪಾರ್ಟಿನ ಕೇಳಿ, ಅದಕ್ಕೂ ಒಂದು ಗಡುವು ಹಾಕಿ, ಆಮೇಲೆ ಜಾಗದ ಬಾಡಿಗೆ ಶುರು. ಬಾಡಿಗೆ ಬಿಲ್ ಹೋದ ಮೇಲೆ ಉತ್ತರ ಎಷ್ಟು ಬೇಗ ಬರುತ್ತೆ ನೋಡಿ.

ಫೋನು, ಲ್ಯಾಪ್‌ಟಾಪ್ ಆದ್ರೆ ಹಳೇ ಮಾಲೀಕರ ಡೇಟಾ ಅಳಿಸಿದ್ದಕ್ಕೆ ಸೀರಿಯಲ್ ನಂಬರ್ ಪ್ರಕಾರ ದಾಖಲೆ ಇಡಿ, ಅದಿಲ್ಲದೆ ಒಂದೂ ಹೊರಗೆ ಹೋಗ್ಬಾರ್ದು. ವಾಪಸ್ ಬಂದ ಕಾರಣನೂ ಬರ್ಕೊಳ್ಳಿ, ಬೇರೆ ಸಾಮಾನು ಬಂತು ಅಂತ ವಾಪಸ್ ಆಗಿರೋದು ಮೇಲಿನ ಕಿಟ್ಟಿಂಗ್ ಟೇಬಲ್ಲಿನ ಕಥೆನೇ.

ಪ್ರಶ್ನೆ: ಇಡೀ ದಿನ ನಿಂತೇ ಪ್ಯಾಕ್ ಮಾಡ್ತೀವಿ, ಸಂಜೆಗೆ ಸೊಂಟ ಹಿಡ್ಕೊಳ್ಳುತ್ತೆ. ಕೇಳಿದ್ರೆ ಇನ್ನೇನು ಮಷಿನ್ ಬರುತ್ತೆ ಅಂತಾರೆ, ಮಷಿನ್ ಬಂದ್ರೆ ನಾವೆಲ್ಲಿಗೆ ಹೋಗೋದು? (ಪ್ಯಾಕಿಂಗ್ ಟೇಬಲ್ಲಿಂದ)

ಸೊಂಟದ್ದು ಮೊದ್ಲು. ಹಗುರ ಪ್ಯಾಕಿಂಗಿಗೆ ಟೇಬಲ್ ನಿಮ್ಮ ಮೊಣಕೈಗಿಂತ ಸ್ವಲ್ಪ ಕೆಳಗೆ ಇರ್ಬೇಕು, ಭಾರ ಎತ್ತಿಡೋ ಕೆಲಸಕ್ಕೆ ಇನ್ನೂ ಕೆಳಗೆ. ಎಲ್ರಿಗೂ ಒಂದೇ ಎತ್ತರದ ಟೇಬಲ್ ಇಟ್ಟು ಉದ್ದ ಇರೋರು ಬಗ್ಗಿ, ಕುಳ್ಳಗಿರೋರು ಭುಜ ಎತ್ತಿ ಮಾಡೋದೇ ಎಲ್ಲ ಕಡೆ ಕಾಣೋದು. ಎತ್ತರ ಬದಲಾಯ್ಸೋ ಟೇಬಲ್ ಕೇಳಿ, ಅದಿಲ್ಲ ಅಂದ್ರೆ ಕುಳ್ಳಗಿರೋರಿಗೆ ನಿಲ್ಲೋ ಮಣೆ, ಕಾಲ ಕೆಳಗೆ ರಬ್ಬರ್ ಮ್ಯಾಟು, ಒಂದು ಕಾಲು ಏರ್ಸಿಡೋಕೆ ಅಡ್ಡ ಪಟ್ಟಿ. ಮತ್ತೆ ಮತ್ತೆ ತಗೊಳ್ಳೋ ಐಟಂ ಮೊಣಕೈ ಚಾಚದೆ ಸಿಗೋ ದೂರದಲ್ಲಿರ್ಲಿ, ಎರಡು ಗಂಟೆಗೊಮ್ಮೆ ಕೆಲಸ ಅದಲುಬದಲು ಮಾಡಿ. ಸುಸ್ತಾದ ಕೈಯಿಂದಲೇ ಶಾರ್ಟೇಜ್ ಬರೋದು ಅಂತ ಸೂಪರ್ವೈಸರಿಗೆ ಹೇಳಿ, ಆರೋಗ್ಯ ಅಂದ್ರೆ ಕೇಳದವ್ರು ಶಾರ್ಟೇಜ್ ಅಂದ್ರೆ ಕೇಳ್ತಾರೆ.

ಮಷಿನ್ ಬರುತ್ತೆ, ಸುಳ್ಳು ಹೇಳಲ್ಲ. ಒಂದೇ ಸೈಜಿನ ಡಬ್ಬಿ ಕಟ್ಟೋದು, ಟೇಪ್ ಹಾಕೋದು, ಪ್ಯಾಲೆಟ್ ಸುತ್ತೋದು ಹೋಗುತ್ತೆ, ಎಷ್ಟೋ ಕಡೆ ಹೋಗಾಗಿದೆ. ದಿನಕ್ಕೊಂದು ತರ ಬದಲಾಗೋ ಸೆಟ್ಟು, ವಾಪಸ್ ಬಂದಿದ್ದನ್ನ ನೋಡಿ ಗ್ರೇಡ್ ಮಾಡೋದು, ಬಟ್ಟೆ ಕಲೆ ನೋಡೋದು ಅಷ್ಟು ಬೇಗ ಹೋಗಲ್ಲ. ಆ ಟೇಬಲ್ಲಿಗೆ ಹೋಗೋಕೆ ಪ್ರಯತ್ನಿಸಿ, ಸ್ಕ್ಯಾನರು, ಸಿಸ್ಟಂ ಎಂಟ್ರಿ ಕಲ್ತ್ಕೊಳ್ಳಿ.

ಪ್ರಶ್ನೆ: ಕ್ರಾಸ್ ಡಾಕಿಂಗ್ ಮಾಡಿ, ಮಾಲು ಇಡೋದೇ ಬೇಡ, ಅದೇ ದೊಡ್ಡ ಸೇವೆ ಅಂತ ಒಬ್ರು ಸಲಹೆ ಕೊಟ್ರು. (ಡಾಕ್ ಇನ್‌ಚಾರ್ಜ್)

ಒಂದು ಬಾಗಿಲಲ್ಲಿ ಬಂದಿದ್ದು ಇನ್ನೊಂದು ಬಾಗಿಲಲ್ಲಿ ಅವತ್ತೇ ಹೋಗೋದು ಕೇಳೋಕೆ ಚಂದ. ಬರೋ ಟ್ರಕ್ಕು ಟೈಮಿಗೆ ಬರ್ಬೇಕು, ಒಳಗೆ ಏನಿದೆ ಅಂತ ಮುಂಚೆನೇ ಸಿಸ್ಟಮ್ಮಿಗೆ ಬಂದಿರ್ಬೇಕು, ಲೇಬಲ್ ಕಳ್ಸೋರೇ ಹಾಕಿರ್ಬೇಕು. ಈ ಮೂರರಲ್ಲಿ ಒಂದು ಇಲ್ಲ ಅಂದ್ರೂ ಮಾಲು ಡಾಕ್ ಮೇಲೇ ಕೂರುತ್ತೆ, ರ‍್ಯಾಕಲ್ಲಿ ಇಟ್ಟಿದ್ರೆ ಕನಿಷ್ಠ ಎಲ್ಲಿದೆ ಅಂತಾದ್ರೂ ಗೊತ್ತಿರ್ತಿತ್ತು. ಇದೇ ಬಾಗಿಲಲ್ಲಿ ಲೇಬಲ್ಲೂ ಅಂಟ್ಸಿ ಕಳ್ಸಿ ಅಂತ ಪಾರ್ಟಿ ಕೇಳಿದ್ರೆ, ಅದಕ್ಕೆ ಎರಡು ಗಂಟೆ ಮೀಸಲಿಟ್ಟು ಹೊರಡೋ ಟ್ರಕ್ಕಿನ ಟೈಮ್ ಬರೀರಿ, ಒಳಗೆ ಬರೋದು ತಡ ಆದ ದಿನ ಲೇಬಲ್ ಬಿಟ್ಟು ಕಳ್ಸೋದಾ ಟ್ರಕ್ ನಿಲ್ಸೋದಾ ಅಂತ ಅವರ ಹತ್ರನೇ ಮೊದ್ಲೇ ಬರೆಸ್ಕೊಳ್ಳಿ.